ಈ ಹಾಡು ಯಾರ ಮನೆಯದು?

ನಾನು ಸಿನಿಮಾ ಎಡಿಟರ್. ಬೆಂಗಳೂರಿನಲ್ಲಿ 12 ವರ್ಷದಿಂದ ಇದೇ ಕೆಲಸ. ಸೀನ್‌ಗೆ ಹಾಡು ಆರಿಸುವುದು ಹೇಗೆ ಅಂತ ನನಗೆ ಕಲಿಸಿದ್ದು ಎರಡೂವರೆ ನಿಮಿಷದ ಒಂದು ಸೀನ್.

ಹಾಸನದ ಕಡೆಯ ಹಳ್ಳಿ. ಮಗ ಮನೆ ಮಾರಿಬಿಟ್ಟಿದ್ದಾನೆ. ಕೊನೆಯ ದಿನ ತಾಯಿ ಸಾಮಾನು ಕಟ್ಟುತ್ತಾಳೆ. ಹಿತ್ತಾಳೆ ಪಾತ್ರೆಗಳನ್ನು ಹಳೇ ಸೀರೆಯಲ್ಲಿ ಸುತ್ತುತ್ತಾಳೆ. ಇನ್ನು ಯಾರೂ ಹಚ್ಚದ ಒಲೆಯನ್ನು ಸಾರಿಸುತ್ತಾಳೆ. ದೇವರ ಗೂಡಿನಿಂದ ಫೋಟೋ ತೆಗೆದುಕೊಂಡು ಹೊಸಿಲು ದಾಟುತ್ತಾಳೆ. ಒಂದೇ ಒಂದು ಮಾತಿಲ್ಲ.

ಮಾತಿಲ್ಲದ ಸೀನ್ ಮುಂದಿದ್ದರೆ ಎಡಿಟರ್ ಕೈ ಸುಮ್ನಿರುವುದಿಲ್ಲ. ಆರ್‌ಆರ್ ಶುರುವಾಗಲು, ಅಂದರೆ ಹಿನ್ನೆಲೆ ಸಂಗೀತ ಮಾಡಲು, ಇನ್ನೂ ಒಂದು ತಿಂಗಳಿತ್ತು. ಅಲ್ಲಿಯವರೆಗೆ ಇರಲಿ ಅಂತ ನಾನೇ ಒಂದು ಹಳೇ ಸಿನಿಮಾ ಹಾಡು ಹಾಕಿದೆ. ಇದಕ್ಕೆ ನಮ್ಮಲ್ಲಿ ಟೆಂಪ್ ಟ್ರ್ಯಾಕ್ ಅನ್ನುತ್ತಾರೆ. ತಾಯಿಯ ಬಗ್ಗೆ ಎಲ್ಲರಿಗೂ ಗೊತ್ತಿರುವ ಹಾಡು ಅದು. ವಯಲಿನ್ ಏರುವ ಜಾಗಕ್ಕೆ ಸರಿಯಾಗಿ ಫೋಟೋ ತೆಗೆಯುವ ಶಾಟ್ ಕೂರಿಸಿದೆ. ಆಫೀಸಿನಲ್ಲಿ ತೋರಿಸಿದಾಗ ಪ್ರೊಡ್ಯೂಸರ್ ಕಣ್ಣು ಒರೆಸಿಕೊಂಡರು. ಸೀನ್ ಮುಗಿಯಿತು ಅಂದುಕೊಂಡೆ.

ಆ ಹಾಡಿನ ಹಕ್ಕು ಕೇಳಲು ಹೋದಾಗ ಆಡಿಯೋ ಕಂಪನಿ ಹೇಳಿದ ಮೊತ್ತ ನಮ್ಮ ಕೈಗೆ ಎಟುಕುವಂತಿರಲಿಲ್ಲ. ನನಗೆ ನಿಜಕ್ಕೂ ಹೊಟ್ಟೆ ಉರಿಯಿತು. ಮೂರು ವಾರ ಅದೇ ಹಾಡು ಕೇಳಿ ಕೇಳಿ, ಅದಿಲ್ಲದೆ ಆ ಸೀನ್ ಇಲ್ಲವೇ ಇಲ್ಲ ಅನ್ನಿಸಿಬಿಟ್ಟಿತ್ತು. ಬೇರೆ ಯಾವ ಹಾಡು ಹಾಕಿದರೂ ಸಪ್ಪೆ. ನನ್ನ ಅಸಿಸ್ಟೆಂಟ್ ಹುಡುಗಿ ಹಿಂದೆ ಕೂತು ನೋಡುತ್ತಿದ್ದಳು. ಒಂದು ರಾತ್ರಿ ಹಿಂಜರಿಯುತ್ತಲೇ ಹೇಳಿದಳು: "ಸರ್, ಒಂದು ಮಾತು ಹೇಳ್ಲಾ? ಆ ಹಾಡು ಬಂದಾಗ ನಂಗೆ ಆ ಹಳೇ ಸಿನಿಮಾದ ಅಮ್ಮನ ಮುಖಾನೇ ಕಾಣ್ಸೋದು. ನಮ್ಮ ಸಿನಿಮಾದ ಅಮ್ಮ ಕಾಣ್ತಾನೇ ಇರ್ಲಿಲ್ಲ."

ಆ ರಾತ್ರಿ ನಿದ್ದೆ ಬರಲಿಲ್ಲ. ಅವಳು ಹೇಳಿದ್ದು ಸರಿ. ಪ್ರೊಡ್ಯೂಸರ್ ಅತ್ತದ್ದು ನಮ್ಮ ತಾಯಿಗಾಗಿ ಅಲ್ಲ, ಆ ಹಾಡಿಗೆ.

ಟೆಂಪ್ ಟ್ರ್ಯಾಕ್‌ನ ಮೋಹ ದೊಡ್ಡವರನ್ನೂ ಬಿಟ್ಟಿಲ್ಲ. 1968ರ '2001: ಎ ಸ್ಪೇಸ್ ಒಡಿಸ್ಸಿ'ಗೆ ಅಲೆಕ್ಸ್ ನಾರ್ತ್ ಸಂಗೀತ ಮಾಡಿಕೊಟ್ಟಿದ್ದರು. ನಿರ್ದೇಶಕ ಸ್ಟಾನ್ಲಿ ಕುಬ್ರಿಕ್ ಅದನ್ನು ಬಿಟ್ಟು, ಎಡಿಟಿಂಗ್ ಹೊತ್ತಿನಲ್ಲಿ ಹಾಕಿಕೊಂಡಿದ್ದ ಹಳೆಯ ಶಾಸ್ತ್ರೀಯ ಸಂಗೀತವನ್ನೇ ಉಳಿಸಿಕೊಂಡರು. ತನ್ನ ಸಂಗೀತ ಇಲ್ಲ ಅಂತ ನಾರ್ತ್‌ಗೆ ಗೊತ್ತಾಗಿದ್ದು ಸಿನಿಮಾ ನೋಡುವಾಗ. ಅದನ್ನು ನೆನೆದರೆ ಇವತ್ತಿಗೂ ಸಂಕಟ ಆಗುತ್ತೆ. ಆದರೆ ಆ ಸಿನಿಮಾದಲ್ಲಿ ಆಯ್ಕೆ ಕೂತಿತು. ಬಾಹ್ಯಾಕಾಶ ನೌಕೆ ತಿರುಗುವಾಗ ಕೇಳುವ ಆ ವಾಲ್ಟ್ಜ್ ಕುಣಿತದ ಹಾಲ್‌ಗಳಿಂದ ಬಂದದ್ದು. ಬೇರೆ ಸಿನಿಮಾದ ನಾಯಕಿಯ ಮುಖ ಅದರ ಜೊತೆ ಬರುವುದಿಲ್ಲ. ನಾನು ಆರಿಸಿದ ಹಾಡಿನ ಜೊತೆ ಬಂದಿತ್ತು.

ನಮ್ಮಲ್ಲೇ 'ಮೈಸೂರು ಮಲ್ಲಿಗೆ' ಇದೆ. ಕೆ.ಎಸ್. ನರಸಿಂಹಸ್ವಾಮಿ ಅವರ ಕವನ ಸಂಕಲನ ಬಂದದ್ದು 1942ರಲ್ಲಿ. ಟಿ.ಎಸ್. ನಾಗಾಭರಣ ಆ ಕವಿತೆಗಳನ್ನಿಟ್ಟುಕೊಂಡು ಸಿನಿಮಾ ಮಾಡಿದ್ದು 50 ವರ್ಷದ ನಂತರ, ಸಿ. ಅಶ್ವಥ್ ಸಂಗೀತದಲ್ಲಿ. ಅಷ್ಟು ಹೊತ್ತಿಗೆ ಜನ ಅವನ್ನು ಮನೆಮನೆಯಲ್ಲಿ ಹಾಡಿಕೊಂಡಿದ್ದರು. ಗಂಡ ಹೆಂಡತಿ, ತವರು, ಮಾವನ ಮನೆ, ಇವೇ ಆ ಕವಿತೆಗಳ ಜಗತ್ತು. ಹಾಗಾಗಿ ನೋಡುವವರ ನೆನಪು ತೆರೆಯ ಮೇಲಿನ ಮನೆಗೇ ಬಂದು ಸೇರುತ್ತದೆ, ಬೇರೆಲ್ಲೋ ಹೋಗುವುದಿಲ್ಲ. ಪುಟ್ಟಣ್ಣ ಕಣಗಾಲರ 'ನಾಗರಹಾವು' (1972) ನೋಡಿ. ಓಬವ್ವನ ಹಾಡು ರಾಮಾಚಾರಿಯ ಕಥೆಯನ್ನು ಒಂದು ಹೆಜ್ಜೆಯೂ ಮುಂದಕ್ಕೆ ಒಯ್ಯುವುದಿಲ್ಲ. ಆದರೂ ಜಯಂತಿ ಒನಕೆ ಹಿಡಿದು ನಿಂತ ಮೇಲೆ ಚಿತ್ರದುರ್ಗದ ಕೋಟೆ ಬರೀ ಲೊಕೇಶನ್ ಆಗಿ ಉಳಿಯುವುದಿಲ್ಲ. ಆ ಹಾಡು ಆ ಊರಿನದು.

ಮರುದಿನ ಬಂದವನೇ ಹಾಡು ತೆಗೆದು ಸೀನನ್ನು ಮೌನವಾಗಿ ನೋಡಿದೆ. ಒಂದು ವಿಷಯ ಕಾಣಿಸಿತು. ಪಾತ್ರೆ ಸುತ್ತುವಾಗ ಆ ತಾಯಿಯ ತಲೆ ಸಣ್ಣಗೆ ಅಲ್ಲಾಡುತ್ತಿತ್ತು. ಕೆಲಸ ಮಾಡುತ್ತಾ ಏನೋ ಗುನುಗುವ ಹೆಂಗಸರ ತಲೆ ಅಲ್ಲಾಡುತ್ತಲ್ಲ, ಹಾಗೆ. ನಿರ್ದೇಶಕರಿಗೆ ತೋರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಈಯಮ್ಮ ದಿನಾ ಏನು ಹಾಡ್ಕೊಳ್ತಿದ್ಳು ಹೇಳಿ?"

ನಾನು ಯೋಚಿಸಬೇಕಾಗಲಿಲ್ಲ. ನಮ್ಮಜ್ಜಿ ಶುಕ್ರವಾರ ಸಂಜೆ ದೀಪ ಹಚ್ಚುವಾಗ ಹಾಡುತ್ತಿದ್ದದ್ದೇ. "ಭಾಗ್ಯದ ಲಕ್ಷ್ಮೀ ಬಾರಮ್ಮ." ಪುರಂದರದಾಸರದು. ಹೇಳಿದ ಮೇಲೆ ಮೈ ಜುಮ್ಮೆಂದಿತು. ಲಕ್ಷ್ಮಿಯನ್ನು ಮನೆಯೊಳಗೆ ಕರೆಯುವ ಹಾಡು. ಈ ತಾಯಿ ಅದನ್ನು ಗುನುಗುತ್ತಾ ಮನೆ ಖಾಲಿ ಮಾಡುತ್ತಿದ್ದಾಳೆ. ರೂಢಿಯಲ್ಲಿ ಬಾಯಿಗೆ ಬರುತ್ತಿದೆ, ಏನು ಹಾಡುತ್ತಿದ್ದೇನೆ ಅನ್ನುವುದು ಅವಳ ಗಮನಕ್ಕೂ ಬಂದಿಲ್ಲ.

ಹಕ್ಕಿನ ತೊಂದರೆಯೂ ಇರಲಿಲ್ಲ. ಹೊಸಬರು ಇಲ್ಲಿ ಎಡವುತ್ತಾರೆ, ಅದಕ್ಕೆ ಹೇಳುತ್ತೇನೆ. ದಾಸರ ಪದ ಎಲ್ಲರದು. ಆದರೆ ಒಬ್ಬರು ಹಾಡಿ ರೆಕಾರ್ಡ್ ಮಾಡಿದ್ದನ್ನು ಎತ್ತಿ ಹಾಕಿಕೊಳ್ಳುವ ಹಾಗಿಲ್ಲ. ಸಾಹಿತ್ಯ, ಟ್ಯೂನ್, ರೆಕಾರ್ಡಿಂಗ್, ಮೂರಕ್ಕೂ ಹಕ್ಕು ಬೇರೆ ಬೇರೆ. ನಾವು ಹೊಸದಾಗಿಯೇ ರೆಕಾರ್ಡ್ ಮಾಡಬೇಕಿತ್ತು. ನಮ್ಮ ಪುಣ್ಯಕ್ಕೆ ಪಾತ್ರೆ ಕಟ್ಟುವ ಶಾಟ್‌ಗಳಲ್ಲಿ ಆ ತಾಯಿ ಕ್ಯಾಮೆರಾಕ್ಕೆ ಬೆನ್ನು ಹಾಕಿದ್ದಳು. ಹೊಸಿಲಿನ ಶಾಟ್‌ನಲ್ಲಿ ಕಾಣುವುದು ಪಾದ ಮತ್ತು ಸೀರೆಯ ಅಂಚು ಮಾತ್ರ. ಹಾಡಿಗೆ ತುಟಿಯ ಚಲನೆ ಹೊಂದಿಸುವ ಗೋಜಿಲ್ಲ.

ಪಾತ್ರ ಮಾಡಿದ ಹಿರಿಯ ಕಲಾವಿದೆಯನ್ನೇ ಡಬ್ಬಿಂಗ್‌ಗೆ ಕರೆಸಿದೆವು. ರಂಗಭೂಮಿಯಿಂದ ಬಂದವರು, ಕಂಠ ಚೆನ್ನಾಗಿದೆ. ಮೈಕ್ ಮುಂದೆ ನಿಂತು ಶ್ರುತಿಬದ್ಧವಾಗಿ ಹಾಡಿದರು. ಕಚೇರಿ ಥರ ಆಯಿತು. ಆಗ ಸೌಂಡ್ ಇಂಜಿನಿಯರ್ ಹೊರಗೆ ಹೋಗಿ ಒಂದು ಬೆಡ್‌ಶೀಟ್ ಮತ್ತು ಕ್ಯಾಂಟೀನಿನ ನಾಲ್ಕು ಪಾತ್ರೆ ತಂದರು. "ಅಮ್ಮ, ಕೆಳಗೆ ಕೂತ್ಕೊಂಡು ಇವನ್ನ ಗಂಟು ಕಟ್ತಾ ಹಾಡಿ. ಹಾಡಿನ ಕಡೆ ಗಮನ ಬೇಡ, ಗಂಟು ಬಿಗಿಯಾದ್ರೆ ಸಾಕು." ಅವರು ಬಗ್ಗಿದಾಗ ಉಸಿರು ಕಟ್ಟಿತು. ಗಂಟು ಎಳೆಯುವಾಗ "ಬಾರಮ್ಮ" ಅನ್ನುವುದು ಅರ್ಧಕ್ಕೆ ನಿಂತು ಮತ್ತೆ ಬಂತು. ಎರಡನೇ ಟೇಕ್ ಓಕೆ.

ಎಡಿಟಿಂಗ್ ಟೇಬಲ್‌ನಲ್ಲಿ ಇನ್ನೊಂದು ಕೆಲಸ ಉಳಿದಿತ್ತು. "ಹೆಜ್ಜೆಯ ಮೇಲೆ ಹೆಜ್ಜೆಯನಿಕ್ಕುತ" ಅನ್ನುವ ಸಾಲು ಹೊಸಿಲಿನ ಶಾಟ್ ಮೇಲೆ ಬರುತ್ತಿತ್ತು. ನಾನು ಮೊದಲು "ಹೆಜ್ಜೆ" ಅನ್ನುವ ಪದಕ್ಕೆ ಪಾದ ನೆಲಕ್ಕೆ ತಾಗುವ ಹಾಗೆ ಕೂರಿಸಿದೆ. ನೋಡಿದರೆ ಡ್ಯಾನ್ಸ್ ಸ್ಟೆಪ್. ದನಿಯನ್ನು 18 ಫ್ರೇಮ್ ಹಿಂದಕ್ಕೆ ಎಳೆದೆ. ಸೆಕೆಂಡಿಗೆ 24 ಫ್ರೇಮ್, ಅಂದರೆ ಮುಕ್ಕಾಲು ಸೆಕೆಂಡು. ಈಗ ಅವಳು ಆ ಪದ ಮೊದಲು ಹಾಡುತ್ತಾಳೆ, ಕಾಲು ಎತ್ತಿ ಅಲ್ಲೇ ತಡೆಯುತ್ತಾಳೆ, ಆಮೇಲೆ ಹೊಸಿಲು ದಾಟುತ್ತಾಳೆ. ತಾನು ಏನು ಹಾಡುತ್ತಿದ್ದೇನೆ ಅಂತ ಅವಳಿಗೆ ಆಗ ಕೇಳಿಸಿದ ಹಾಗೆ ಕಾಣುತ್ತದೆ. ಹಾಡು ನಿಂತುಹೋಗುತ್ತದೆ.

ಮ್ಯೂಸಿಕ್ ಡೈರೆಕ್ಟರ್ ಸೀನ್ ನೋಡಿ, ಇದಕ್ಕೆ ನಾನು ಏನೂ ಹಾಕುವುದಿಲ್ಲ ಅಂದರು. ಅಷ್ಟು ದೊಡ್ಡ ಮನಸ್ಸು ಎಲ್ಲರಿಗೂ ಇರುವುದಿಲ್ಲ. ಅವರಿಗೆ ನಾನು ಇಂದಿಗೂ ಋಣಿ.

ಈಗ ಯಾವ ಸೀನೇ ಬರಲಿ, ಮೊದಲ ಕಟ್ ಹಾಡಿಲ್ಲದೆ ಮಾಡುತ್ತೇನೆ. ಟೆಂಪ್ ಟ್ರ್ಯಾಕ್ ಹಾಕಲೇಬೇಕಾದರೆ ಜನರ ಬಾಯಲ್ಲಿರುವ ಸಿನಿಮಾ ಹಾಡು ಮುಟ್ಟುವುದಿಲ್ಲ. ಅಸಿಸ್ಟೆಂಟ್‌ಗಳು ಹಾಡು ತಂದರೆ ಕೇಳುತ್ತೇನೆ: ಇದು ಈ ಪಾತ್ರದ ಮನೆ ರೇಡಿಯೋದಲ್ಲಿ ಬರುತ್ತಿತ್ತಾ? ಇವಳು ಇದನ್ನು ಯಾರ ಬಾಯಲ್ಲಿ ಮೊದಲು ಕೇಳಿರಬಹುದು? ಉತ್ತರ ಸಿಗದಿದ್ದರೆ ಹಾಡು ಎಷ್ಟೇ ಚೆನ್ನಾಗಿರಲಿ, ಪಕ್ಕಕ್ಕಿಡುತ್ತೇವೆ.

ಸಿನಿಮಾ ಬಂದಾಗ ಹಾಸನದ ಒಂದು ಥಿಯೇಟರಿನಲ್ಲಿ ಮ್ಯಾಟಿನಿ ನೋಡಲು ಹೋಗಿದ್ದೆ. ಜನ ಜಾಸ್ತಿ ಇರಲಿಲ್ಲ. ಆ ಸೀನ್ ಬಂತು. ಹೊಸಿಲ ಮೇಲೆ ಹಾಡು ನಿಂತಿತು. ಹಿಂದಿನ ಸಾಲಿನಲ್ಲಿ ಯಾರೋ ಒಬ್ಬ ಹೆಂಗಸು ಮೆಲ್ಲಗೆ ಗೆಜ್ಜೆಯ ಸಾಲು ಎತ್ತಿಕೊಂಡರು.