ಹಾಡುವವರ ಹಿಂದೆ ನಿಂತವರು

ಹಾಡು ಅಂದರೆ ಹಾಡುವವರದ್ದು, ನಮ್ಮಲ್ಲಿ ಬಹಳ ಜನ ಹೀಗೆ ಅಂದುಕೊಂಡೇ ಬೆಳೆದಿದ್ದು. ನಮ್ಮ ಮನೆಯಲ್ಲೂ ಅಷ್ಟೇ. ಇದು ರಾಜ್‌ಕುಮಾರ್ ಹಾಡು, ಇದು ಎಸ್‌ಪಿಬಿ ಹಾಡು, ಇದು ಅಶ್ವತ್ಥ್ ಹಾಡು. ಜಾಸ್ತಿ ಅಂದರೆ ಸಂಗೀತ ನಿರ್ದೇಶಕರ ಹೆಸರು ಬರುತ್ತಿತ್ತು, ಅಪ್ಪ ಮನೆಯಲ್ಲಿದ್ದರೆ ಬರೆದ ಕವಿಯ ಹೆಸರೂ ಬರುತ್ತಿತ್ತು. ಗಿಟಾರ್ ಯಾರದ್ದು, ಡ್ರಮ್ಸ್ ಯಾರದ್ದು ಅಂತ ಯಾರೂ ಕೇಳುತ್ತಿರಲಿಲ್ಲ. ನನ್ನ ಕಿವಿಯನ್ನು ಆ ಹಿಂದಿನ ಸಾಲಿನ ಕಡೆ ತಿರುಗಿಸಿದ್ದು ಕೆಲವು ಬ್ಯಾಂಡುಗಳು. ಅವುಗಳ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಆಸೆ ಇತ್ತು.

ಮೊದಲನೆಯದು ನಮ್ಮ ಹನುಮಂತನಗರದ ಗಣೇಶನ ಆರ್ಕೆಸ್ಟ್ರಾ. ನಿಜವಾಗಲೂ. ಬೆಂಗಳೂರಿನಲ್ಲಿ ಹಬ್ಬ ಮುಗಿದು ವಾರಗಟ್ಟಲೆ ಆದರೂ ಯಾವುದಾದರೂ ಬೀದಿಯಲ್ಲಿ ಪೆಂಡಾಲ್ ಇದ್ದೇ ಇರುತ್ತದೆ ಅಲ್ವಾ, ಅಲ್ಲಿ ಒಂದು ರಾತ್ರಿ ಆರ್ಕೆಸ್ಟ್ರಾನೂ ಇರುತ್ತದೆ. ಹಾಡುವವರು ಬರುವುದಕ್ಕೆ ಮುಂಚೆಯೇ ಡ್ರಮ್ಸ್‌ನವರು ಬಂದು ಕೂರುತ್ತಿದ್ದರು. ನಾವು ಹುಡುಗರು ಕುರ್ಚಿ ಬಿಟ್ಟು ಸ್ಟೇಜಿನ ಪಕ್ಕಕ್ಕೆ ಹೋಗಿ ನಿಲ್ಲುತ್ತಿದ್ದೆವು. ಅವರು ಬೇಸ್ ಡ್ರಮ್ಮಿನ ಪೆಡಲ್ ತುಳಿದರೆ ನಮ್ಮ ಎದೆಯೊಳಗೆ ಏನೋ ಗುದ್ದಿದ ಹಾಗೆ ಆಗುತ್ತಿತ್ತು. ಮನೆಯ ಟೇಪ್‌ರೆಕಾರ್ಡರಿನಲ್ಲಿ ದಿನಾ ಕೇಳಿದ ಹಾಡೇ, ಆದರೆ ಈ ಗುದ್ದು ಅದರಲ್ಲಿ ಇರಲೇ ಇಲ್ಲ. ಕಾರಣ ಆಮೇಲೆ ಗೊತ್ತಾಯಿತು. ಬೇಸ್ ಡ್ರಮ್ಮಿನ ಹಾಗೆ ಬೇಸ್ ಗಿಟಾರ್ ಕೂಡ ತಗ್ಗಿನ ಸದ್ದಿನ ವಾದ್ಯ, ಅದರ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅಷ್ಟು ನಿಧಾನದ ಕಂಪನವನ್ನು ಅಂಗೈಯಗಲದ ಸ್ಪೀಕರ್ ಎದೆಗೆ ತಾಗುವ ಹಾಗೆ ಹೊರಗೆ ಹಾಕಲಾರದು. ಅಂದರೆ ನಾವು ಮನೆಯಲ್ಲಿ ಇಷ್ಟು ವರ್ಷ ಕೇಳಿದ್ದು ಹಾಡಿನ ಮೇಲಿನ ಅರ್ಧ ಮಾತ್ರ.

ಕೆಳಗಿನ ಅರ್ಧವನ್ನು ತೋರಿಸಿದವನು ದೊಡ್ಡಪ್ಪನ ಮಗ. ಅವನು ಇಂಜಿನಿಯರಿಂಗ್ ಓದುತ್ತಿದ್ದ. ಬ್ರಿಗೇಡ್ ರೋಡಿನಿಂದ ಕ್ಯಾಸೆಟ್ ತರುತ್ತಿದ್ದ, ಇಲ್ಲದಿದ್ದರೆ ಸ್ನೇಹಿತರ ಹತ್ತಿರ ಖಾಲಿ ಕ್ಯಾಸೆಟ್ ಕೊಟ್ಟು ತುಂಬಿಸಿಕೊಂಡು ಬರುತ್ತಿದ್ದ. ಒಂದು ಮಧ್ಯಾಹ್ನ ವಾಕ್‌ಮನ್‌ನ ಹೆಡ್‌ಫೋನ್ ನನ್ನ ಕಿವಿಗೆ ಹಾಕಿ, "ಹಾಡೋನನ್ನ ಬಿಡೋ, ಕೆಳಗಡೆ ಓಡ್ತಾ ಇದೆಯಲ್ಲ, ಅದನ್ನ ಹಿಡ್ಕೋ" ಅಂದ. ಅದು ಐರನ್ ಮೇಡನ್, ಇಂಗ್ಲೆಂಡಿನ ಹೆವಿ ಮೆಟಲ್ ಬ್ಯಾಂಡು. ಇಂಗ್ಲಿಷ್ ಪದ ಒಂದೂ ಸರಿಯಾಗಿ ತಿಳಿಯಲಿಲ್ಲ, ಆದರೆ ಆ ಕೆಳಗಿನ ಓಟ ಹಿಡಿದುಬಿಟ್ಟಿತು. ಒಂದು ಉದ್ದ, ಎರಡು ಗಿಡ್ಡ, ಮತ್ತೆ ಒಂದು ಉದ್ದ, ಎರಡು ಗಿಡ್ಡ. ಕುದುರೆ ನಾಗಾಲೋಟದಲ್ಲಿ ಹೋಗುವ ಹಾಗೆ.

ಆ ಬೇಸ್ ಗಿಟಾರ್ ನುಡಿಸಿದವರು ಸ್ಟೀವ್ ಹ್ಯಾರಿಸ್. 1975ರಲ್ಲಿ ಪೂರ್ವ ಲಂಡನ್ನಿನಲ್ಲಿ ಆ ಬ್ಯಾಂಡನ್ನು ಕಟ್ಟಿದವರು ಅವರೇ, ಹೆಚ್ಚಿನ ಹಾಡುಗಳನ್ನು ಬರೆದವರೂ ಅವರೇ. ಬೇಸ್ ನುಡಿಸುವವನು ಯಜಮಾನ! ಆ ವಯಸ್ಸಿನಲ್ಲಿ ಇದು ನನಗೆ ತುಂಬ ದೊಡ್ಡ ಸುದ್ದಿ. ತಂತಿ ಮೀಟುವ ಚಿಕ್ಕ ಬಿಲ್ಲೆ, ಅಂದರೆ ಪಿಕ್, ಮುಟ್ಟದೆ, ಬರೀ ಬೆರಳಿನಲ್ಲೇ ಆ ವೇಗ. ಮೇಲೆ ಎರಡು ಗಿಟಾರ್ ಒಂದೇ ರಾಗವನ್ನು ಸ್ವರದಲ್ಲಿ ಸ್ವಲ್ಪ ಅಂತರ ಇಟ್ಟು ಜೊತೆಜೊತೆಗೆ ನುಡಿಸುತ್ತವೆ. 1999ರಿಂದ ಮೂರು ಗಿಟಾರ್. ಇವತ್ತಿಗೂ ಎರಡು ವಾದ್ಯ ಹೀಗೆ ಜೋಡಿಯಾಗಿ ಹೋದರೆ ನಾನು ಕೈಯಲ್ಲಿರುವ ಕೆಲಸ ಬಿಟ್ಟು ಕೇಳುತ್ತೇನೆ, ಅದು ಮೆಟಲ್ ಆಗಿರಲಿ, ನಾದಸ್ವರ ಆಗಿರಲಿ.

ಇಂಗ್ಲೆಂಡಿನ ಇನ್ನೊಂದು ಬ್ಯಾಂಡು ಪಿಂಕ್ ಫ್ಲಾಯ್ಡ್ ವಿಷಯದಲ್ಲಿ ಪಾಠ ಹೇಳಿದ್ದು ಅಮ್ಮ. 1973ರ ಅವರ ಆಲ್ಬಂ ಒಂದಿದೆ, ಕಪ್ಪು ಕವರಿನ ಮೇಲೆ ತ್ರಿಕೋನ ಗಾಜು, ಅದರಿಂದ ಹೊರಡುವ ಬಣ್ಣಗಳು. ಕೇಳದವರೂ ಆ ಚಿತ್ರದ ಟೀ ಶರ್ಟ್ ನೋಡಿರುತ್ತಾರೆ. ಅದರಲ್ಲಿ ದುಡ್ಡಿನ ಮೇಲೆ ಒಂದು ಹಾಡು, ಚಿಲ್ಲರೆ ಕಾಸಿನ ಸದ್ದಿನಿಂದ ಶುರುವಾಗುತ್ತದೆ, ಆಮೇಲೆ ಬೇಸ್. ನಾನು ತಲೆ ಆಡಿಸುತ್ತಾ ಕೂತಿದ್ದೆ, ಆದರೆ ಲೆಕ್ಕ ಎಲ್ಲೋ ತಪ್ಪಿ ಹೋಗುತ್ತಿತ್ತು. ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ತೊಡೆ ತಟ್ಟಿ ನೋಡಿದರು. ಅವರು ಮದುವೆಗೆ ಮುಂಚೆ ಸಂಗೀತ ಕಲಿತವರು. "ತಕಿಟ ತಕಧಿಮಿ... ಇದು ಮಿಶ್ರ ಛಾಪು ಕಣೋ" ಅಂದರು. ಏಳು! ಹಾಡು ಏಳರ ಲೆಕ್ಕದಲ್ಲಿ ಹೋಗುತ್ತಿದೆ. ಗಿಟಾರ್ ಸೋಲೊ ಬಂದಾಗ ಅಮ್ಮನ ಕೈ ನಿಂತಿತು. "ಇಲ್ಲಿ ನಾಲ್ಕಕ್ಕೆ ಬಂದ್ಬಿಟ್ರಲ್ಲ" ಅಂದರು. ಅದೂ ಸರಿಯೇ, ಸೋಲೊ ಇರುವುದು ನಾಲ್ಕರಲ್ಲಿ, ಅದು ಮುಗಿದ ಮೇಲೆ ಮತ್ತೆ ಏಳು. ಅಮ್ಮನಿಗೆ ಬ್ಯಾಂಡಿನ ಹೆಸರು ಬೇಕಿರಲಿಲ್ಲ, ತಾಳ ಸಾಕಾಗಿತ್ತು. ರಾಕ್ ಬೇರೆ, ನಮ್ಮ ಸಂಗೀತ ಬೇರೆ ಅಂತ ನನ್ನ ತಲೆಯಲ್ಲಿ ಇದ್ದ ಗೋಡೆ ಅವತ್ತೇ ಬಿದ್ದುಹೋಯಿತು. ಆ ಹಾಡಿನ ಬೇಸ್ ನುಡಿಸಿದ ರೋಜರ್ ವಾಟರ್ಸ್ 2002ರಲ್ಲಿ ಅರಮನೆ ಮೈದಾನಕ್ಕೆ ಬಂದರು. ಅಣ್ಣ ಹೋಗಿ ಬಂದು ವಾರಗಟ್ಟಲೆ ಅದೇ ಮಾತು ಆಡಿದ.

ನಿರ್ವಾಣ, ಮೆಟಾಲಿಕಾ, ಡೀಪ್ ಪರ್ಪಲ್ ಬ್ಯಾಂಡುಗಳೆಲ್ಲಾ ಆ ವರ್ಷಗಳಲ್ಲೇ ನನ್ನ ಕಿವಿಗೆ ಬಿದ್ದವು. ಇಷ್ಟ ಇತ್ತು, ಈಗಲೂ ಇದೆ. ಆದರೆ ನನ್ನನ್ನು ಬದಲಾಯಿಸಿದ್ದು ಅವಲ್ಲ.

ಐರನ್ ಮೇಡನ್ ಮೊದಲ ಸಲ ಭಾರತಕ್ಕೆ ಬಂದಾಗ ಬಂದಿದ್ದು ನಮ್ಮ ಊರಿಗೆ. 2007ರ ಮಾರ್ಚ್ 17, ಅರಮನೆ ಮೈದಾನ. ಮೊದಲು ದೆಹಲಿಯ ಪರಿಕ್ರಮ ಬ್ಯಾಂಡು ನುಡಿಸಿತು, ಸ್ಟೀವ್ ಹ್ಯಾರಿಸ್ ಅವರ ಮಗಳು ಲಾರೆನ್ ಕೂಡ ಹಾಡಿದರು. ಕಪ್ಪು ಟೀ ಶರ್ಟಿನವರು ಎಲ್ಲೆಲ್ಲಿಂದಲೋ ಬಂದಿದ್ದರು. ನನ್ನ ಪಕ್ಕ ನಿಂತವನು ಶಿಲ್ಲಾಂಗ್‌ನಿಂದ ರೈಲಿನಲ್ಲಿ ಬಂದಿದ್ದ, ಹಿಂದೆ ಕೇರಳದ ಹುಡುಗರ ದೊಡ್ಡ ಗುಂಪು. ಐರನ್ ಮೇಡನ್‌ನ 1992ರ ಹಾಡೊಂದಿದೆ, ಕತ್ತಲೆಯ ಭಯದ ಮೇಲೆ. ಅದರ ಗಿಟಾರ್ ರಾಗ ಶುರುವಾದಾಗ ಮೈದಾನದ ಅಷ್ಟೂ ಜನ ಗಿಟಾರಿನ ಜೊತೆಗೇ ಹಾಡತೊಡಗಿದರು. ಪದವಿಲ್ಲ, ಬರೀ ಓ ಓ ಓ. ನಾನೂ ಹಾಡಿದೆ, ಗಂಟಲು ಕಟ್ಟುವ ತನಕ. ಶಿಲ್ಲಾಂಗ್‌ನ ಹುಡುಗನ ಮಾತು ನನಗೆ ಗೊತ್ತಿಲ್ಲ, ನನ್ನ ಮಾತು ಅವನಿಗೆ ಗೊತ್ತಿಲ್ಲ, ಆದರೆ ಆ ರಾಗದ ಒಂದೊಂದು ತಿರುವೂ ಇಬ್ಬರಿಗೂ ಬಾಯಿಪಾಠ. ಅಲ್ಲಿ ಎಲ್ಲರೂ ಹಾಡುತ್ತಿದ್ದದ್ದು ವಾದ್ಯದ ಪಾಲನ್ನು. ಅಂಥದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಅಷ್ಟರಲ್ಲಿ ಇಂಡಿಯನ್ ಓಷನ್ ಕೂಡ ಮನೆಗೆ ಬಂದಿತ್ತು. ದೆಹಲಿಯ ಬ್ಯಾಂಡು, 2000ದಲ್ಲಿ ಬಂದ ಅವರ 'ಕಂದಿಸಾ' ಆಲ್ಬಮ್ಮಿನ ಮುಖ್ಯ ಹಾಡು ಕೇರಳದ ಸಿರಿಯನ್ ಕ್ರೈಸ್ತರ ಹಳೆಯ ಪ್ರಾರ್ಥನೆ, ಭಾಷೆ ಅರಾಮಿಕ್. ಅರ್ಥ ಒಂದಕ್ಷರ ತಿಳಿಯದೆ ಎಷ್ಟೋ ರಾತ್ರಿ ಕೇಳಿದ್ದೇನೆ. ಅಲ್ಲೂ ಬೇಸ್ ನುಡಿಸುವ ರಾಹುಲ್ ರಾಮ್ ಮುಂದೆ ನಿಂತು ಹಾಡುತ್ತಾರೆ. ಅಶೀಮ್ ಚಕ್ರವರ್ತಿ ತಬಲಾ ನುಡಿಸುತ್ತಲೇ ಹಾಡುತ್ತಿದ್ದರು. ಅವರು 2009ರಲ್ಲಿ ತೀರಿಕೊಂಡಾಗ ಮನೆಯವರೇ ಯಾರೋ ಹೋದಷ್ಟು ಸಂಕಟ ಆಯಿತು.

ಬೆಂಗಳೂರಿನವರೇ ಆದ ಥರ್ಮಲ್ ಅಂಡ್ ಎ ಕ್ವಾರ್ಟರ್ ಬಗ್ಗೆ ಹೇಳದೆ ಹೋದರೆ ತಪ್ಪಾಗುತ್ತದೆ. 1996ರಲ್ಲಿ ಶುರುವಾದ ಬ್ಯಾಂಡು. ಊರಿನ ಹೆಚ್ಚಿನ ಬ್ಯಾಂಡುಗಳು ಹೊರಗಿನವರ ಹಾಡುಗಳನ್ನೇ ನುಡಿಸಿ ಚಪ್ಪಾಳೆ ತಗೊಳ್ಳುತ್ತಿದ್ದ ಕಾಲದಲ್ಲಿ ಅವರು ತಮ್ಮದೇ ಹಾಡು ಬರೆದರು, ಅದನ್ನೇ ನುಡಿಸಿದರು. ಬ್ರೂಸ್ ಲೀ ಮಣಿ ಅವರ ಗಿಟಾರ್, ರಾಜೀವ್ ರಾಜಗೋಪಾಲ್ ಅವರ ಡ್ರಮ್ಸ್. ಸದ್ದು ಜಾಸ್ತಿ ಇಲ್ಲ, ಲೆಕ್ಕ ಮಾತ್ರ ಕಷ್ಟದ್ದು.

ಆಮೇಲೆ ಕನ್ನಡ ಬಂತು. 2008ರಲ್ಲಿ ರಘು ದೀಕ್ಷಿತ್ ಅವರ ಮೊದಲ ಆಲ್ಬಂ. ಅದರಲ್ಲಿ ಶಿಶುನಾಳ ಶರೀಫರ ಪದ ಇತ್ತು. ನಮ್ಮ ಮನೆಯಲ್ಲಿ ಶರೀಫರೆಂದರೆ ಅಶ್ವತ್ಥ್, 1990ರ ನಾಗಾಭರಣರ ಸಿನಿಮಾದಲ್ಲಿ ಕೇಳಿದ ಆ ಎತ್ತರದ ದನಿ, ಬೇರೆ ಯಾರೂ ಮುಟ್ಟಬಾರದು ಅನ್ನುವಷ್ಟು ಪ್ರೀತಿ. ಅಮ್ಮ ಮೊದಲು ಮುಖ ಸಿಂಡರಿಸಿದರು. ನನಗೆ ಮಾತ್ರ ಮೈ ಜುಂ ಅಂದಿತು. ಅಶ್ವತ್ಥ್ ಹಾಡಿದಾಗ ಶರೀಫರು ಮನೆಯ ಜಗಲಿಯಲ್ಲಿ ಕೂತು ಬುದ್ಧಿ ಹೇಳುತ್ತಾರೆ. ಇಲ್ಲಿ ಗೌರವ್ ವಾಜ್ ಅವರ ಬೇಸ್ ಕೆಳಗಿನಿಂದ ತಳ್ಳುತ್ತಿರುವಾಗ ಅದೇ ಶರೀಫರು ಎದ್ದು ಕುಣಿಯುತ್ತಾರೆ. ಎರಡೂ ಬೇಕು ನನಗೆ. ರಘು ಅವರ ತಮ್ಮ ವಾಸು ದೀಕ್ಷಿತ್ ಇದ್ದ ಸ್ವರಾತ್ಮ ಬ್ಯಾಂಡಿನಲ್ಲಿ ವಯಲಿನ್ನೂ ಡ್ರಮ್ಸೂ ಒಟ್ಟಿಗೆ ಏರುತ್ತಾ ಹೋಗುತ್ತಿದ್ದವು, ವಾಸು ಸ್ಟೇಜಿನ ಮೇಲೆ ಕೀಲುಕುದುರೆ ತೊಟ್ಟು ಕುಣಿಯುತ್ತಿದ್ದರು. ಜಾತ್ರೆಯ ಕುಣಿತ ರಾಕ್ ಸ್ಟೇಜಿನ ಮೇಲೆ ಇಷ್ಟು ಸರಾಗವಾಗಿ ಕೂತಿದ್ದನ್ನು ನೋಡಿ ನನಗೆ ನಿಜಕ್ಕೂ ಹೆಮ್ಮೆ ಆಯಿತು.

ಇಷ್ಟೆಲ್ಲಾ ಆದ ಮೇಲೆ ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು 1987ರ 'ಪ್ರೇಮಲೋಕ'ವನ್ನು ಮತ್ತೆ ಕೇಳಿದೆ. ಚಿಕ್ಕವನಿದ್ದಾಗಿನಿಂದ ಬಾಯಿಪಾಠ ಆಗಿದ್ದ ಹಾಡುಗಳು. ಹಂಸಲೇಖ ಅವರ ಸಂಗೀತದ ಕೆಳಗೆ ಎಂಥ ಬೇಸ್ ಓಡುತ್ತಿದೆ ಅಂತೀರಿ! ಹಾಡುವವರು ಮಾತಾಡಿದ ಹಾಗೆ ಹಾಡುತ್ತಾರೆ, ಕೆಳಗೆ ಬೇಸ್ ಅವರಿಗೆ ಉತ್ತರ ಕೊಡುತ್ತಾ ಹೋಗುತ್ತದೆ. ನಮ್ಮ ಮನೆಯ ಹಳೇ ಕ್ಯಾಸೆಟ್ ಹುಡುಕಿ ತೆಗೆದು ಕವರ್ ಬಿಡಿಸಿ ನೋಡಿದೆ. ನಟರ ಹೆಸರಿದೆ, ಗಾಯಕರ ಹೆಸರಿದೆ, ನುಡಿಸಿದವರದ್ದು ಇಲ್ಲ. ಈಗಿನ ಆ್ಯಪ್‌ಗಳಲ್ಲೂ ನಮ್ಮ ಹಳೇ ಹಾಡುಗಳಿಗೆ ಅದೇ ಗತಿ. ಇಂಗ್ಲಿಷ್ ಬ್ಯಾಂಡಿನಲ್ಲಿ ಒಂದು ಹಾಡಿಗೆ ಗಂಟೆ ಬಾರಿಸಿದವರ ಹೆಸರೂ ಸಿಗುತ್ತದೆ. ನಮ್ಮಲ್ಲಿ ಸಾವಿರಾರು ಹಾಡುಗಳ ಬೆನ್ನೆಲುಬಾಗಿ ನಿಂತವರ ಹೆಸರು ಸಿಗುವುದಿಲ್ಲ ಅಂದರೆ ಹೊಟ್ಟೆ ಉರಿಯುತ್ತದೆ.

ನಿಮ್ಮ ಮನೆಯಲ್ಲಿ, ಪಕ್ಕದ ಬೀದಿಯಲ್ಲಿ, ಆ ಕಾಲದ ಸ್ಟುಡಿಯೋಗಳಲ್ಲೋ ಆರ್ಕೆಸ್ಟ್ರಾಗಳಲ್ಲೋ ಬೇಸ್, ಡ್ರಮ್ಸ್, ರಿದಂ ಪ್ಯಾಡ್ ನುಡಿಸಿದ ಹಿರಿಯರು ಇದ್ದರೆ ಒಂದು ಸಂಜೆ ಹೋಗಿ ಕೂತುಕೊಳ್ಳಿ. ಯಾವ ಹಾಡಿಗೆ ಯಾರು ನುಡಿಸಿದ್ದು ಅಂತ ಕೇಳಿ, ಅವರ ಒಪ್ಪಿಗೆ ತಗೊಂಡು ಬರೆದಿಡಿ. ನಾನು ನಮ್ಮ ಬೀದಿಯಿಂದ ಶುರು ಮಾಡಿದ್ದೇನೆ.