ಎಡಕ್ಕೆ ಎಳೆಯುವ ಟ್ರಕ್ಕು

4 ಅಕ್ಟೋಬರ್ 2025, ಶನಿವಾರ
ಸಹಕಾರನಗರ, ಪುಣೆ

ಕೆಳಗಿನ ಮನೆಯ ಹುಡುಗ ಬೆಳಿಗ್ಗೆಯೇ ರಿಮೋಟ್ ಟ್ರಕ್ಕು ಹಿಡಿದುಕೊಂಡು ಬಂದ. "ಕಾಕಾ, ಇದು ನೆಟ್ಟಗ ಹೋಗವಲ್ದು. ಎಡಕ್ಕ ಎಳ್ಯಾಕತ್ತೈತಿ." ವಿಜಯಪುರದ ಕಡೆಯವರು, ಇಲ್ಲೇ ಬೆಳೆದ ಹುಡುಗ. ಹೊರಗೆಲ್ಲ ಮರಾಠಿ, ಕಷ್ಟ ಬಂದರೆ ಕನ್ನಡ.

ಮೊದಲು ರಿಮೋಟ್ ನೋಡಿದೆ. ಸ್ಟೀರಿಂಗ್ ಟ್ರಿಮ್, ಅಂದರೆ ಚಕ್ರಗಳ ನಡುಮಧ್ಯವನ್ನು ತುಸು ಆಚೀಚೆ ಸರಿಸುವ ಗುಂಡಿ, ಬಲಕ್ಕೆ ಕೊನೆಯವರೆಗೂ ತಿರುಗಿತ್ತು. ಅವರಪ್ಪನ ಕೆಲಸವಂತೆ. ಎಳೆತ ಹೆಚ್ಚಾದಂತೆಲ್ಲ ಇನ್ನಷ್ಟು ತಿರುಗಿಸುತ್ತ ಹೋಗಿದ್ದಾರೆ. ಸೋರುವ ಮಾಳಿಗೆಯ ಕೆಳಗೆ ಬಕೆಟ್ ಇಟ್ಟ ಹಾಗೆ. ಮುಂದಿನ ಚಕ್ರಗಳನ್ನು ಎಡಬಲಕ್ಕೆ ತಿರುಗಿಸುವುದು ಸರ್ವೋ ಎಂಬ ಪುಟ್ಟ ಯಂತ್ರ. ಅದಕ್ಕೆ ನಡುಮಧ್ಯ ಅಂದರೆ 1.5 ಮಿಲಿಸೆಕೆಂಡಿನ ಸಿಗ್ನಲ್. ಟ್ರಿಮ್ ಮುಟ್ಟಿದರೆ ಆ ನಡುವೇ ಪಕ್ಕಕ್ಕೆ ಜರುಗುತ್ತದೆ. ಅದಕ್ಕೇ ಬಲಕ್ಕೆ ಪೂರ್ತಿ ತಿರುಗಿಸಿದಾಗ, ಚಕ್ರ ತಡೆಗೆ ತಾಗಿದ ಮೇಲೂ ಸರ್ವೋ ನೂಕುತ್ತಲೇ ಇದ್ದು ಗುಂಯ್‌ಗುಡುತ್ತಿತ್ತು. ಹಾಗೇ ಬಿಟ್ಟರೆ ಅದರ ಗೇರಿನ ಹಲ್ಲು ಹೋಗುತ್ತದೆ, ಇಲ್ಲವೇ ಮೋಟಾರು ಸುಡುತ್ತದೆ.

ಟ್ರಿಮ್ ನಡುವಿಗೆ ತಂದು, ಗಾಡಿಯನ್ನು ಡಬ್ಬಿಯ ಮೇಲೆ ಕೂರಿಸಿದೆ. ಮುಂದಿನ ಚಕ್ರಗಳು ನೆಟ್ಟಗೇ ಇವೆ. ಸರ್ವೋದ ತೋಳು, ಅಂದರೆ ಹಾರ್ನ್, ಸರಿ. ಚಕ್ರಗಳನ್ನು ಎಳೆಯುವ ಕಡ್ಡಿಗಳು, ಅಂದರೆ ಟೈ ರಾಡ್, ಎರಡೂ ಸಮ. ಹಾರ್ನ್ ಒಂದೇ ಒಂದು ಹಲ್ಲು ಆಚೀಚೆ ಕೂತಿದ್ದರೆ ಕಣ್ಣಿಗೇ ಹೊಡೆಯುತ್ತಿತ್ತು: ಹಾರ್ನ್ ಕೂರುವ 25 ಹಲ್ಲಿನ ತುದಿಯಲ್ಲಿ ಒಂದು ಹಲ್ಲಿಗೆ 14.4 ಡಿಗ್ರಿ. ಅಂದರೆ ಸ್ಟೀರಿಂಗ್ ತಪ್ಪೇ ಅಲ್ಲ.

ಪಾರ್ಕಿಂಗಿಗೆ ಇಳಿದೆವು. ನಮ್ಮ ಪಾರ್ಕಿಂಗಿನ ನೆಲ ನೀರು ಹರಿಯಲೆಂದು ಗೋಡೆಯ ಕಡೆ ವಾಲಿದೆ, ಅದನ್ನು ನಂಬುವಂತಿಲ್ಲ. ಒಂದೇ ಗೆರೆಯಲ್ಲಿ ಹೋಗುವಾಗಲೂ ಬರುವಾಗಲೂ ಓಡಿಸಿದೆ. ಎರಡು ಸಲವೂ ಅದೇ ಗೋಡೆಯತ್ತ ಹೋದರೆ ದೋಷ ನೆಲದ್ದು. ಎರಡು ಸಲವೂ ಗಾಡಿಯ ಎಡಕ್ಕೇ ಹೋದರೆ ಗಾಡಿಯದು. ಗಾಡಿಯದೇ. ಇನ್ನೊಂದು ಗಮನಿಸಿದೆ: ಥ್ರಾಟಲ್ ಬಿಟ್ಟು ಉರುಳಲು ಬಿಟ್ಟಾಗಲೂ ಎಳೆಯುತ್ತದೆ, ವೇಗ ಇಳಿದಂತೆ ಇನ್ನೂ ಜೋರಾಗಿ. ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಎಳೆದಿದ್ದರೆ ಹಿಂದಿನ ಎರಡು ಚಕ್ರಗಳಿಗೆ ಬಲ ಹಂಚುವ ಗೇರನ್ನು, ಅಂದರೆ ಡಿಫರೆನ್ಷಿಯಲ್ಲನ್ನು, ಬಿಚ್ಚುತ್ತಿದ್ದೆ. ಇಲ್ಲಿ ಯಾವುದೋ ಚಕ್ರ ಹಿಡಿಯುತ್ತಿದೆ.

ಮೋಟಾರಿನ ಬಲ ಹಿಂದಿನ ಚಕ್ರಗಳಿಗಷ್ಟೇ ಇರುವ ಗಾಡಿಯಾದ್ದರಿಂದ ಮುಂದಿನವು ಸ್ವತಂತ್ರ. ಬೆರಳಿನಿಂದ ತಿರುಗಿಸಿದೆ. ಬಲಗಡೆಯದು ಸುತ್ತುತ್ತಲೇ ಇತ್ತು. ಎಡಗಡೆಯದು ಗರಗರ ಎಂದು ನಿಂತೇ ಹೋಯಿತು. ನಟ್ ಬಿಗಿಯಾಗಿರಬಹುದೆಂದು ಸಡಿಲಿಸಿ ನೋಡಿದೆ, ಅದೇ ಗರಗರ. ಚಕ್ರ ಬಿಚ್ಚಿದರೆ ಬೇರಿಂಗಿನಿಂದ ಕಂದು ಬಣ್ಣದ ಪುಡಿ ಉದುರಿತು. ಮಳೆಗಾಲವಿಡೀ ತಳಜಾಯಿ ಗುಡ್ಡದ ಕೆಸರಲ್ಲಿ ಓಡಿಸಿದ್ದಾನೆ, ಮೇಲಿಂದ ನಲ್ಲಿ ಕೆಳಗೆ ತೊಳೆದಿದ್ದಾನೆ.

"ಆಟಿಗಿ ಸಾಮಾನಕ್ಕ ಇಷ್ಟ್ ಉಸಾಬರಿ ಯಾಕೋ ತಮ್ಮಾ?" ಎಂದರು ಅವನ ಅಜ್ಜಿ, ಮೆಟ್ಟಿಲ ಮೇಲೆ ಕೂತು. ನನಗೂ ಅದಕ್ಕೆ ಉತ್ತರ ಹೊಳೆಯಲಿಲ್ಲ.

ಮಧ್ಯಾಹ್ನ ಒಂದಕ್ಕೆ ಪುಣೆಯ ಅಂಗಡಿಗಳು ಶಟರ್ ಎಳೆಯುವ ಮೊದಲೇ ನಾನಾ ಪೇಠೆ ಸೇರಬೇಕಿತ್ತು. ಬೇಕಿದ್ದ ಬೇರಿಂಗಿನ ಅಳತೆ: ಒಳಗೆ 5, ಹೊರಗೆ 11, ದಪ್ಪ 4 ಮಿಲಿಮೀಟರ್. "ಏವ್ಢಂ ಛೋಟಂ ಕುಠಲ್ಯಾ ಗಾಡೀಲಾ?" (ಇಷ್ಟು ಚಿಕ್ಕದು ಯಾವ ಗಾಡಿಗೆ?) ಎಂದು ನಕ್ಕ ಅಂಗಡಿಯವನು, ಆದರೂ ಹುಡುಕಿ ಕೊಟ್ಟ. ಲೋಹದ ಮುಚ್ಚಳದ್ದು ಬೇಡವೆಂದು ರಬ್ಬರ್ ಸೀಲಿನದೇ ತೆಗೆದುಕೊಂಡೆ. ತಿರುಗಲು ತುಸು ಬಿಗಿ, ಆದರೆ ಕೆಸರಿಗೆ ಅದೇ ಲೇಸು.

ಸಂಜೆ ಜೋಡಿಸಿ ಓಡಿಸಿದರೆ ನೆಟ್ಟಗೆ ಹೋಯಿತು. ಉಳಿದ ಕೂದಲೆಳೆ ವ್ಯತ್ಯಾಸಕ್ಕೆ ಟ್ರಿಮ್ ಒಂಚೂರು ಸಾಕಾಯಿತು. ಅದು ಇರುವುದೇ ಅಷ್ಟಕ್ಕೆ. ಗುಂಯ್ ಸದ್ದೂ ನಿಂತಿತು. ಬಲಗಡೆಯ ಬೇರಿಂಗುಗಳು ಚೆನ್ನಾಗಿಯೇ ತಿರುಗುತ್ತಿದ್ದವು, ಆದರೂ ಅದೇ ಕೆಸರು ಕುಡಿದವು ತಾನೇ ಎಂದು ಅವನ್ನೂ ಬದಲಿಸಿದೆ. ಹಿಂದಿನವು ಮುಂದಿನ ವಾರ. ಹುಡುಗನಿಗೆ ಹಳೆಯ ಟೂತ್‌ಬ್ರಷ್ ಒಂದು ಕೊಟ್ಟು ಕಳಿಸಿದ್ದೇನೆ, ನಲ್ಲಿಯ ಬದಲಿಗೆ.