ಕಪ್ಪತಗುಡ್ಡದ ಗಾಳಿ, ನಾಯಿಯ ಮೂಗು

ಕಪ್ಪತಗುಡ್ಡದ ಬುಡದಲ್ಲಿ ನಾಯಿಗೆ ಮೂಸುವ ಅಭ್ಯಾಸ ಮಾಡಿಸುವವರು ಗುಡ್ಡದ ಮೇಲಿನ ಗಾಳಿಯಂತ್ರ ನೋಡಿ ದಿಕ್ಕು ಹಿಡಿದರೆ ಕೆಟ್ಟರು. ರೆಕ್ಕೆ ತಿರುಗುವುದು ಮೇಲಿನ ಗಾಳಿಗೆ, ನಾಯಿಯ ಮೂಗು ಇರುವುದು ಮೊಣಕಾಲೆತ್ತರದಲ್ಲಿ. ಮೇ ತಿಂಗಳ ಆ ಬೆಳಿಗ್ಗೆ ಯಂತ್ರಗಳೆಲ್ಲ ಪಡುವಣದ ಗಾಳಿಗೆ ಮುಖ ಮಾಡಿದ್ದವು. ನಾವಿದ್ದದ್ದು ಗುಡ್ಡದ ಮೂಡಣ ಬುಡದಲ್ಲಿ. ಬದುವಿನ ಹತ್ತಿರ ಚಿಟಿಕೆ ಪೌಡರ್ ಬಿಟ್ಟರೆ ಅದು ಹಿಂತಿರುಗಿ ಗುಡ್ಡದ ಕಡೆಗೇ ತೇಲಿತು.

ಹುಡುಕಬೇಕಾದದ್ದು ಲವಂಗದ ಎಣ್ಣೆಯ ಎರಡು ಹನಿ ಹಾಕಿದ ಹತ್ತಿ, ತೂತು ಕೊರೆದ ತಗಡಿನ ಡಬ್ಬಿಯಲ್ಲಿ. ಸೇನೆಯಲ್ಲಿ ಆ ಜಾಗದಲ್ಲಿ ಸ್ಫೋಟಕ ಇರುತ್ತದೆ, ಕ್ರಮ ಅದೇ. ಬರಿಗೈಲಿ ಮುಟ್ಟಿದರೆ ನಾಯಿ ಬೆವರಿನ ವಾಸನೆಯನ್ನೇ ಕಲಿತುಬಿಡುತ್ತದೆ. ಹಾಗಾಗಿ ಕೈಗವಸು ಬೇಕು, ಲವಂಗವಿಲ್ಲದ ಖಾಲಿ ಡಬ್ಬಿಗಳನ್ನು ಮುಟ್ಟಲು ಬೇರೆ ಜೊತೆ. ಇಟ್ಟ ಮೇಲೆ ವಾಸನೆ ಹರಡಲು ಅರ್ಧ ತಾಸು ಬಿಡಬೇಕು.

ಎರಡು ವರ್ಷದ ಬೆಲ್ಜಿಯನ್ ಮಾಲಿನ್ವಾ ಹೆಣ್ಣುನಾಯಿ, ಹತ್ತು ಮೀಟರ್ ಹಗ್ಗದಲ್ಲಿ, ಗಾಳಿಗೆ ಅಡ್ಡಡ್ಡ ಹೊಲ ಮೂಸುತ್ತ ಬಂತು. ಬದುವಿನ ಹತ್ತಿರ ಏದುಸಿರು ನಿಂತು ಬಾಯಿ ಮುಚ್ಚಿತು, ಬಾಲ ಬಿಗಿಯಾಯಿತು, ಕತ್ತು ತಟ್ಟನೆ ಹೊರಳಿತು. ಹಗ್ಗ ಹಿಡಿದ ಹುಡುಗ ಅಲ್ಲೇ ನಿಂತ. ನಾಯಿ ಅವನ ಮುಖ ನೋಡಿ, ಸಿಕ್ಕಿತು ಎಂಬ ಸನ್ನೆಯಾಗಿ ಕೂತೇಬಿಟ್ಟಿತು. ಅಲ್ಲಿ ಏನೂ ಇರಲಿಲ್ಲ. ಗಾಳಿ ತಂದ ವಾಸನೆ ಬದುವಿಗೆ ಬಡಿದು ತಂಗಿತ್ತು, ಅಷ್ಟೇ. ಅದನ್ನು ಕೂರಿಸಿದ್ದು ಹುಡುಗ ನಿಂತುಬಿಟ್ಟದ್ದು.

ನನ್ನ ಮಟ್ಟಿಗೆ ಈ ಕೆಲಸದಲ್ಲಿ ಇದಕ್ಕಿಂತ ದೊಡ್ಡ ತಪ್ಪಿಲ್ಲ. ವಿಶೇಷ ಕಾರ್ಯಾಚರಣೆಯಲ್ಲಿ ನಾಯಿಯನ್ನು ಮನೆಯೊಳಗೆ ಮೊದಲು ಕಳಿಸುತ್ತಾರೆ, ಯೋಧರು ಹೊರಗೇ ಇರುತ್ತಾರೆ. ಕಾಶ್ಮೀರದಲ್ಲಿ ಸೇನೆಯ ನಾಯಿಗಳಾದ ಇಬ್ಬರು ಹೀಗೇ ಹೋದರು: 2022ರ ಜುಲೈನಲ್ಲಿ ಬಾರಾಮುಲ್ಲಾದಲ್ಲಿ ಆಕ್ಸೆಲ್, ಅಕ್ಟೋಬರ್‌ನಲ್ಲಿ ಅನಂತನಾಗ್‌ನಲ್ಲಿ ಜೂಮ್ ಹಾಗೆ ಒಳಹೊಕ್ಕು ಗುಂಡು ತಿಂದು ಪ್ರಾಣ ಬಿಟ್ಟವು. ಆ ಕೋಣೆಯಲ್ಲಿ ನೋಡಲು ಯಾರ ಮುಖವೂ ಇರುವುದಿಲ್ಲ. ಮೂಗನ್ನೇ ನಂಬುವ ನಾಯಿ ಬೇಕು. ಸ್ಫೋಟಕ ಸಿಕ್ಕರೆ ಸದ್ದಿಲ್ಲದೆ ಕೂರಬೇಕು: ಕೆರೆದರೆ ಸಿಡಿಯಬಹುದು, ಬೊಗಳಿದರೆ ತಂಡದ ಸುಳಿವು ಸಿಗುತ್ತದೆ.

ತಪ್ಪಾಗಿ ಕೂತಾಗ ಗದರಬಾರದು, ಬಹುಮಾನದ ಚೆಂಡನ್ನೂ ಕೊಡಬಾರದು. "ನಡಿ, ನಿಂದ್ರಬ್ಯಾಡ" ಅಂದೆವು. ಹುಡುಗ ಹಗ್ಗ ಸಡಿಲ ಬಿಟ್ಟು ನಡೆದ. ನಾಯಿ ಗಾಳಿಗೆ ಎದುರಾಗಿ ಹತ್ತಿಪ್ಪತ್ತು ಹೆಜ್ಜೆ ಹೋಗಿ, ಎರೆಮಣ್ಣಿನ ಬಿರುಕಿಗೆ ಮೂಗು ತುರುಕಿ ಕೂತಿತು. ಆಗ ಅದರ ಕಣ್ಣು ಬಿರುಕಿನ ಮೇಲೇ ಇತ್ತು. ಚೆಂಡು ಅದೇ ಕ್ಷಣ ಅಲ್ಲೇ ಸಿಗಬೇಕು; ತಡವಾದರೆ ಯಾವುದಕ್ಕೆ ಸಿಕ್ಕಿತೆಂದು ಅದಕ್ಕೆ ತಿಳಿಯದು.

ಒಂಬತ್ತರ ಹೊತ್ತಿಗೆ ನಿಲ್ಲಿಸಿದೆವು. ಅಂಗೈ ಹಿಂಬದಿಯನ್ನು ಏಳು ಸೆಕೆಂಡ್ ನೆಲಕ್ಕೆ ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಅದು ಸುಡುವ ನೆಲವೇ. ಬಾಯಲ್ಲಿ ಏದುಸಿರು ಬಿಡುವ ನಾಯಿಗೆ ಸರಿಯಾಗಿ ಮೂಸಲಾಗುವುದಿಲ್ಲ. ಅದರ ಮೈಬಿಸಿ 38ರಿಂದ 39 ಡಿಗ್ರಿ ಸೆಲ್ಸಿಯಸ್ ಸುಮಾರು ಇರಬೇಕು, 41 ದಾಟಿದರೆ ಜೀವಕ್ಕೇ ಅಪಾಯ. ಹೊಟ್ಟೆ, ಪಾದ ತೋಯಿಸಿ ನೆರಳಿಗೆ ತಂದು, ನೀರು ಸ್ವಲ್ಪ ಸ್ವಲ್ಪವೇ ಕುಡಿಸಬೇಕು.

ಮುಂದಿನ ಪಾಠಕ್ಕೆ ಡಬ್ಬಿಯನ್ನು ಮೂರನೆಯವರು ಇಡಬೇಕು, ಹಗ್ಗ ಹಿಡಿದವನಿಗೆ ಜಾಗ ಗೊತ್ತಿರಕೂಡದು. ನಡುವೆ ಡಬ್ಬಿಯನ್ನೇ ಇಡದ ಒಂದು ಹೊಲವೂ ಇರಲಿ. ಅಲ್ಲಿ ಒಮ್ಮೆಯೂ ಕೂರದೆ ಹೊರಬಂದ ನಾಯಿಗೂ ಚೆಂಡು ಸಲ್ಲಬೇಕು.